ಬ್ರಿಕ್ಕಿನ ಹಳಿ, ನಮ್ಮೂರಿನ ಗಾಡಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ಲಾಸ್ಟಿಕ್ ಬ್ರಿಕ್ ಜೋಡಿಸಿ ರೈಲು ಕಟ್ಟುವ ಹವ್ಯಾಸದ ಬಗ್ಗೆ ಹೋದ ಸಂಚಿಕೆಯಲ್ಲಿ ಚಿಕ್ಕದಾಗಿ ಬರೆದಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯವೇ. ಆಶ್ಚರ್ಯ ಏನಿಲ್ಲ. ಗೇಟ್ ಬಿದ್ದಾಗ ನಿಂತು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಾ ಬೆಳೆದವರು ನಾವು. ಎಲ್ಲ ಪತ್ರಕ್ಕೂ ಜಾಗ ಸಾಲದು, ಜಾಸ್ತಿ ಜನ ಕೇಳಿದ್ದನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮಗನಿಗೆ ಹತ್ತು ವರ್ಷ. ಲೆಗೋ ರೈಲು ಬೇಕು ಅಂತ ಹಟ ಹಿಡಿದಿದ್ದಾನೆ. ನನಗೂ ಆಸೆ ಇದೆ ಸರ್, ಆದರೆ ಬೆಲೆ ನೋಡಿ ಸುಮ್ಮನಾದೆ. ಮನೆಯೂ ಚಿಕ್ಕದು. ಎಷ್ಟು ಜಾಗ ಬೇಕು, ಎಲ್ಲಿಂದ ಶುರು ಮಾಡಬೇಕು?
— ಒಬ್ಬ ತಂದೆ, ಕೌಲ್ ಬಜಾರ್, ಬಳ್ಳಾರಿ

ಮೊದಲು ಜಾಗದ ಲೆಕ್ಕ ನೋಡೋಣ, ಯಾಕೆಂದರೆ ಜನ ಅಂದುಕೊಂಡಷ್ಟು ಜಾಗ ಇದಕ್ಕೆ ಬೇಡ. ಬ್ರಿಕ್ಕಿನ ಮೇಲೆ ಉಬ್ಬು ಇರುತ್ತದಲ್ಲ, ಅದಕ್ಕೆ ಸ್ಟಡ್ ಅನ್ನುತ್ತಾರೆ. ಒಂದು ಸ್ಟಡ್ಡಿನಿಂದ ಮುಂದಿನದಕ್ಕೆ 8 ಮಿ.ಮೀ. ಈ ಹವ್ಯಾಸದಲ್ಲಿ ಎಲ್ಲವನ್ನೂ ಸ್ಟಡ್ಡಿನಲ್ಲೇ ಅಳೆಯುತ್ತಾರೆ. ಒಂದು ನೇರ ಹಳಿ 16 ಸ್ಟಡ್ ಉದ್ದ, ಅಂದರೆ 12.8 ಸೆಂ.ಮೀ. ಲೆಗೋ ಕಂಪನಿಯ ಮಾಮೂಲಿ ತಿರುವಿನ ಹಳಿ 16 ತುಂಡು ಸೇರಿಸಿದರೆ ಒಂದು ಪೂರ್ತಿ ಸುತ್ತು, ಅದರ ಹೊರ ಅಂಚಿನಿಂದ ಹೊರ ಅಂಚಿಗೆ 88 ಸ್ಟಡ್, ಸುಮಾರು 70 ಸೆಂ.ಮೀ. ಎರಡೂ ಕಡೆ ಮೂರು ಮೂರು ನೇರ ಹಳಿ ಸೇರಿಸಿದರೆ ಉದ್ದ 109 ಸೆಂ.ಮೀ ಆಗುತ್ತದೆ. ನಾಲ್ಕು ಅಡಿ ಉದ್ದ, ಎರಡೂವರೆ ಅಡಿ ಅಗಲದ ಮೇಜು ಧಾರಾಳ ಸಾಕು. ಪಡಸಾಲೆಯ ಗೋಡೆಗೆ ಒರಗಿಸಿ ಇಡುವಂಥ ಪ್ಲೈವುಡ್ ಹಲಗೆ ಮಾಡಿಸಿಕೊಂಡರೆ ಹಬ್ಬಕ್ಕೆ ನೆಂಟರು ಬಂದಾಗ ಎತ್ತಿಡಬಹುದು.

ಇನ್ನು ಬೆಲೆ. ಹೊರದೇಶದಿಂದ ಬರುವ ಆಟಿಕೆಯ ಮೇಲಿನ ಆಮದು ಸುಂಕವನ್ನು ನಮ್ಮ ಸರ್ಕಾರ 2020ರಲ್ಲಿ 20ರಿಂದ 60 ಪರ್ಸೆಂಟಿಗೆ, 2023ರಲ್ಲಿ 70ಕ್ಕೆ ಏರಿಸಿತು. ಅಂಗಡಿಯವನ ಹತ್ತಿರ ಚೌಕಾಸಿ ಮಾಡಿ ಪ್ರಯೋಜನ ಇಲ್ಲ. ಹಾಗಾಗಿ ದುಡ್ಡನ್ನು ಯಾವುದಕ್ಕೆ ಹಾಕಬೇಕು ಅನ್ನೋದು ಮುಖ್ಯ. ಮೋಟಾರು, ಬ್ಯಾಟರಿ ಡಬ್ಬಿ, ರಿಮೋಟು, ಒಂದು ಸುತ್ತಿನ ಹಳಿ ಇರುವ ಒಂದೇ ಒಂದು ಗಾಡಿ ಸೆಟ್ ತಗೊಳ್ಳಿ. ದೊಡ್ಡ ಸ್ಟೇಷನ್ ಸೆಟ್ಟು, ಕ್ರೇನು, ಅದೆಲ್ಲ ಬೇಡ. ಬಳ್ಳಾರಿ ಜಂಕ್ಷನ್ ನೀವೇ ಕಟ್ಟುವುದಿದೆ, ಪೆಟ್ಟಿಗೆಯಲ್ಲಿ ಬರುವ ಯುರೋಪಿನ ಸ್ಟೇಷನ್ನು ನಿಮಗೆ ಯಾಕೆ? ಬಿಡಿ ಬ್ರಿಕ್ ತಿಂಗಳಿಗೆ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ.

ಮಗನಿಗೆ ಒಂದು ಕೆಲಸ ಕೊಡಿ. ಸ್ಟೇಷನ್ನಿಗೆ ಕರೆದುಕೊಂಡು ಹೋಗಿ, ಪ್ಲಾಟ್‌ಫಾರ್ಮ್ ಟಿಕೆಟ್ ತಗೊಂಡು, ಕಂಬಕ್ಕೂ ಕಂಬಕ್ಕೂ ಎಷ್ಟು ಹೆಜ್ಜೆ, ಛಾವಣಿ ಎಲ್ಲಿ ಮುಗಿಯುತ್ತದೆ, ಹಳದಿ ಬೋರ್ಡಿನಲ್ಲಿ ಯಾವ ಯಾವ ಭಾಷೆ ಇದೆ ಅಂತ ಬರೆದುಕೊಳ್ಳೋಕೆ ಹೇಳಿ. ಅರ್ಧ ಮಾಡೆಲ್ ಆ ನೋಟ್‌ಬುಕ್ಕಿನಲ್ಲೇ ತಯಾರಾಗುತ್ತದೆ.

ಪ್ರಶ್ನೆ: ನಾವು ನಾಲ್ಕು ಜನ ಸ್ನೇಹಿತರು, ಒಂದೇ ಕಾಲೇಜಿನಲ್ಲಿ ಪಾಠ ಮಾಡುವವರು. ಒಬ್ಬೊಬ್ಬರು ಒಂದೊಂದು ಭಾಗ ಮನೆಯಲ್ಲಿ ಕಟ್ಟಿ, ರಜೆಯಲ್ಲಿ ಒಂದು ಕಡೆ ಜೋಡಿಸಬೇಕು ಅಂತಿದೀವಿ. ಮೊದಲ ಸಲ ತಂದಿಟ್ಟಾಗ ಒಂದಕ್ಕೊಂದು ಸೇರಲೇ ಇಲ್ಲ. ಏನು ಮಾಡಬೇಕು?
— ನಾಲ್ವರು ಉಪನ್ಯಾಸಕರು, ರಾಯಚೂರು

ಈ ಪತ್ರ ನೋಡಿ ನನಗೆ ತುಂಬಾ ಖುಷಿಯಾಯಿತು. ಬಿಡಿ ಬಿಡಿ ಭಾಗ ಕಟ್ಟಿ ಆಮೇಲೆ ಜೋಡಿಸೋದಕ್ಕೆ ಮಾಡ್ಯೂಲ್ ಪದ್ಧತಿ ಅನ್ನುತ್ತಾರೆ, ಅದರ ಸೊಗಸು ಇರೋದೇ ಇದರಲ್ಲಿ. ಒಬ್ಬರ ಮನೆಯಲ್ಲಿ ಹಿಡಿಸದ ರೈಲುಮಾರ್ಗ ನಾಲ್ಕು ಮನೆಯಲ್ಲಿ ಬೆಳೆಯುತ್ತದೆ. ಅದಕ್ಕೆ ಬೇಕಾದ್ದು ಎರಡೇ ಒಪ್ಪಂದ. ಮೊದಲನೆಯದು ಅಂಚಿನದು. ಮಾಡ್ಯೂಲಿನ ಅಂಚು ಹೇಗಿರಬೇಕು ಅಂತ ನಾಲ್ವರೂ ಕೂತು ಮೊದಲೇ ನಿರ್ಧಾರ ಮಾಡಿ, ಕಾಗದದ ಮೇಲೆ ಬರೆದು, ಅದನ್ನು ಯಾರೂ ಮೀರಬಾರದು. ಅಂಚು ಬಿಟ್ಟು ಒಳಗೆ ಯಾರು ಏನು ಬೇಕಾದರೂ ಕಟ್ಟಲಿ, ಉಳಿದ ಮೂವರು ಬಾಯಿ ಹಾಕುವಂತಿಲ್ಲ.

ನಾನು ಹೇಳುವ ಅಳತೆ ಇದು. ತಳಕ್ಕೆ 32 ಸ್ಟಡ್ ಉದ್ದ, 32 ಸ್ಟಡ್ ಅಗಲದ ತೆಳು ಹಲಗೆ, ಅಂದರೆ ಬೇಸ್‌ಪ್ಲೇಟು. ಅದು ಸುಮಾರು 25.6 ಸೆಂ.ಮೀ ಚೌಕ. 16 ಸ್ಟಡ್ಡಿನ ನೇರ ಹಳಿ ಎರಡು ಇಟ್ಟರೆ ಈ ಅಂಚಿನಿಂದ ಆ ಅಂಚಿಗೆ ಸರಿಯಾಗಿ ಮುಗಿಯುತ್ತದೆ, ಒಂದು ಕೂದಲಷ್ಟೂ ಹೆಚ್ಚು ಕಡಿಮೆ ಇಲ್ಲ. ಅಗಲದಲ್ಲೂ ಅಷ್ಟೇ ಚಂದ. ಹಳಿಯ ಸ್ಲೀಪರು, ಅಂದರೆ ಕೆಳಗಿನ ಅಡ್ಡಪಟ್ಟಿ, 8 ಸ್ಟಡ್ ಅಗಲ. ಅಂಚಿನಿಂದ 4 ಸ್ಟಡ್ ಬಿಡಿ, 8 ಸ್ಟಡ್ ಹಳಿ, ನಡುವೆ 8 ಸ್ಟಡ್ ಖಾಲಿ, ಮತ್ತೆ 8 ಸ್ಟಡ್ ಹಳಿ, ಕೊನೆಗೆ 4 ಸ್ಟಡ್. ಕೂಡಿಸಿ ನೋಡಿ, 32. ಎರಡು ಹಳಿಗಳ ನಡುಗೆರೆಗೆ 16 ಸ್ಟಡ್ ಅಂತರ ಬರುತ್ತದೆ. ಕಂಪನಿಯ ಪಾಯಿಂಟ್ ಹಳಿಯಿಂದ ಕವಲೊಡೆದ ದಾರಿ ಒಂದು ತಿರುವಿನ ತುಂಡು ಹಾಕಿದ ಮೇಲೆ ಪಕ್ಕದ ಹಳಿಗೆ ಸಮಾನಾಂತರ ಆಗೋದೂ ಇದೇ 16 ಸ್ಟಡ್ ದೂರದಲ್ಲಿ. ಇನ್ನೂ ಒಂದು ಲಾಭ ಇದೆ. ಎರಡೂ ಕಡೆ 4 ಸ್ಟಡ್ ಬಿಟ್ಟಿರೋದರಿಂದ ಮಾಡ್ಯೂಲನ್ನು ಹಿಂದುಮುಂದು ತಿರುಗಿಸಿ ಇಟ್ಟರೂ ಹಳಿ ಸೇರುತ್ತದೆ. ಹಳಿಯ ಕೊಂಡಿಯೂ ಎರಡು ತುದಿಯಲ್ಲಿ ಒಂದೇ ಥರ ಇರುತ್ತದೆ, ಗಂಡು ಹೆಣ್ಣು ಅಂತ ಭೇದ ಇಲ್ಲ.

ಎರಡನೇ ಒಪ್ಪಂದ ಎತ್ತರದ್ದು. ನಿಮ್ಮ ಜೋಡಣೆ ಸೇರದೇ ಇರೋಕೆ ಕಾರಣ ಬಹುಶಃ ಇದೇ. ಒಬ್ಬರು ಬೇಸ್‌ಪ್ಲೇಟಿನ ಮೇಲೇ ಹಳಿ ಇಟ್ಟಿರುತ್ತಾರೆ, ಇನ್ನೊಬ್ಬರು ಜಲ್ಲಿ ಕಾಣಲಿ ಅಂತ ಒಂದು ಪದರ ಏರಿಸಿರುತ್ತಾರೆ. ಪ್ಲೇಟು ಅಂದರೆ ತೆಳು ಬ್ರಿಕ್ಕು. ಒಂದು ಪ್ಲೇಟಿನ ಎತ್ತರ 3.2 ಮಿ.ಮೀ, ಒಂದು ಬ್ರಿಕ್ಕಿನದು 9.6 ಮಿ.ಮೀ. ಒಂದೇ ಪ್ಲೇಟಿನ ವ್ಯತ್ಯಾಸ ಇದ್ದರೂ ಕೊಂಡಿ ಕೂರಲ್ಲ. ಬೇಸ್‌ಪ್ಲೇಟು, ಅದರ ಮೇಲೆ ಸುತ್ತಲೂ ಒಂದು ಬ್ರಿಕ್ಕು, ಅದರ ಮೇಲೆ ಒಂದು ಪ್ಲೇಟು, ಆಮೇಲೆ ಹಳಿ. ಹೀಗೆ ಗಟ್ಟಿ ಮಾಡಿಕೊಳ್ಳಿ. ಹೊರದೇಶದ ಹವ್ಯಾಸಿಗಳು ಬಳಸುವ ಮಿಲ್ಸ್ ಅನ್ನೋ ಪದ್ಧತಿಯೂ ಇದೇ ಥರದ್ದು. ಅಂಚಿನ ಬ್ರಿಕ್ಕುಗಳಲ್ಲಿ ತೂತಿರುವ ಟೆಕ್ನಿಕ್ ಬ್ರಿಕ್ ಹಾಕಿ, ತೂತಿನ ಜಾಗ ಎಲ್ಲರದ್ದೂ ಒಂದೇ ಇರಲಿ, ಪಿನ್ ಹಾಕಿ ಕೂಡಿಸಿ. ಬರೀ ಹಳಿಯ ಕೊಂಡಿಯನ್ನು ನಂಬಿ ಬಿಟ್ಟರೆ ಯಾರಾದರೂ ಮೇಜಿಗೆ ತಾಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ.

ರಾಯಚೂರಿನ ಹಳೇ ಮನೆಗಳಲ್ಲಿ ಶಹಾಬಾದಿ ಕಲ್ಲಿನ ನೆಲ. ಅದು ಎಲ್ಲ ಕಡೆ ಸಮ ಇರಲ್ಲ. ನಾಲ್ಕು ಮೇಜು ನಾಲ್ಕು ಎತ್ತರಕ್ಕೆ ನಿಲ್ಲುತ್ತವೆ. ಬಡಿಗೇರರಿಗೆ ಹೇಳಿ ಕಾಲಿನ ಕೆಳಗೆ ತಿರುಗಿಸುವ ಬೋಲ್ಟು ಹಾಕಿಸಿ, ಗೌಂಡಿಗಳ ರಸಮಟ್ಟ ಒಂದು ಇಟ್ಟುಕೊಳ್ಳಿ.

ಒಳಗೆ ಏನು ಕಟ್ಟೋದು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ 1871ರಲ್ಲಿ ಬಂದು ಕೂಡಿದ್ದು ರಾಯಚೂರಿನಲ್ಲೇ. ಎರಡು ಬೇರೆ ಬೇರೆ ಕಂಪನಿ, ಎರಡು ದಿಕ್ಕಿನಿಂದ ಹಾಕಿಕೊಂಡು ಬಂದ ಹಳಿ ನಿಮ್ಮ ಊರಲ್ಲಿ ಒಂದಾಯಿತು. ನಾಲ್ಕು ಮನೆಯ ಹಳಿ ಕೂಡಿಸುವವರಿಗೆ ಇದಕ್ಕಿಂತ ಒಳ್ಳೆಯ ವಿಷಯ ಎಲ್ಲಿ ಸಿಗುತ್ತದೆ! ಒಬ್ಬರು ಹಳೇ ಜಂಕ್ಷನ್ ಕಟ್ಟಲಿ, ಒಬ್ಬರು ಕೋಟೆಯ ಗೋಡೆ, ಒಬ್ಬರು ಹತ್ತಿ ಹೊಲ, ಇನ್ನೊಬ್ಬರು ಶಕ್ತಿನಗರಕ್ಕೆ ಕಲ್ಲಿದ್ದಲು ಹೋಗುವ ಸೈಡಿಂಗ್.

ಪ್ರಶ್ನೆ: ತುಂಗಭದ್ರಾ ಸೇತುವೆ ಕಟ್ಟಬೇಕು ಅನ್ನೋದು ನನ್ನ ಕನಸು. ಹಳಿಯನ್ನು ಏರಿಸುತ್ತಾ ಹೋದರೆ ಗಾಡಿ ಅರ್ಧಕ್ಕೇ ನಿಂತು ಚಕ್ರ ಜಾರುತ್ತದೆ. ಇಳಿಜಾರು ಎಷ್ಟಿರಬೇಕು?
— ಮುನಿರಾಬಾದಿನ ಓದುಗರು, ಕೊಪ್ಪಳ ಜಿಲ್ಲೆ

ಹಳಿಯನ್ನು ಏರಿಸಲೇಬೇಡಿ. ಹೊಸಪೇಟೆಯಿಂದ ಮುನಿರಾಬಾದಿಗೆ ಬರುವಾಗ ನೆನಪು ಮಾಡಿಕೊಳ್ಳಿ, ಗಾಡಿ ಸೇತುವೆಗೆ ಹತ್ತಿದ ಹಾಗೆ ಅನಿಸುತ್ತದಾ? ಇಲ್ಲ ಅಲ್ವಾ. ಹಳಿ ಅದರ ಪಾಡಿಗೆ ಇರುತ್ತದೆ, ನೆಲ ಕೆಳಗೆ ಹೋಗಿ ನದಿ ಕಾಣುತ್ತದೆ. ಮೇಜಿನ ಮೇಲೂ ಅದನ್ನೇ ಮಾಡಿ. ನದಿಯ ಮಾಡ್ಯೂಲನ್ನು ಮೇಜಿನ ಮೇಲೇ ಇಟ್ಟು, ಉಳಿದ ಎಲ್ಲ ಮಾಡ್ಯೂಲಿನ ಕೆಳಗೆ ಮರದ ಚೌಕಟ್ಟು ಕೊಟ್ಟು 4.8 ಸೆಂ.ಮೀ ಎತ್ತರಿಸಿ. ಅದು ಸರಿಯಾಗಿ ಐದು ಬ್ರಿಕ್ಕಿನ ಎತ್ತರ. ಚೌಕಟ್ಟಿಗೆ ಬ್ರಿಕ್ ಸುರಿಯಬೇಕಿಲ್ಲ, ಬಡಿಗೇರರ ಹತ್ತಿರ ಉಳಿದ ರೀಪು ಸಾಕು. ಇನ್ನೂ ಆಳ ಬೇಕಾದರೆ ಹತ್ತು ಬ್ರಿಕ್ಕು, 9.6 ಸೆಂ.ಮೀ ಮಾಡಿ.

ಇಳಿಜಾರಿನ ಲೆಕ್ಕ ಯಾಕೆ ಸೋಲುತ್ತದೆ ಅನ್ನೋದನ್ನೂ ಹೇಳುತ್ತೇನೆ. ಒಂದು ಹಳಿಗೆ ಒಂದು ಪ್ಲೇಟು ಏರಿಸಿದರೆ 128 ಮಿ.ಮೀ ದೂರಕ್ಕೆ 3.2 ಮಿ.ಮೀ, ಅಂದರೆ ನೂರಕ್ಕೆ ಎರಡೂವರೆ. ಇಷ್ಟನ್ನು ಒಂದು ಮೋಟಾರಿನ ಗಾಡಿ ಕೆಲವೇ ಡಬ್ಬಿ ಎಳೆದುಕೊಂಡು ಹತ್ತೀತು. ಆದರೆ ಹತ್ತು ಬ್ರಿಕ್ಕು ಮೇಲೇರಬೇಕಾದರೆ 30 ಪ್ಲೇಟು, ಅದಕ್ಕೆ 30 ಹಳಿ, ಹತ್ತೋಕೆ ಮಾತ್ರ 3.8 ಮೀಟರ್. ಇಳಿಯೋಕೆ ಮತ್ತೆ ಅಷ್ಟೇ. ಯಾರ ಮನೆಯಲ್ಲಿ ಇದೆ ಅಷ್ಟು ಜಾಗ? ಜಾಗ ಇಲ್ಲ ಅಂತ ಎರಡು ಮೂರು ಪ್ಲೇಟು ಒಟ್ಟಿಗೆ ಏರಿಸುತ್ತಾರೆ, ಆಗ ನೀವು ಬರೆದ ಹಾಗೇ ಚಕ್ರ ಜಾರುತ್ತದೆ.

ಸೇತುವೆಗೆ 32 ಸ್ಟಡ್ಡಿಗೊಂದು ಕಂಬ ಕೊಡಿ. ಗರ್ಡರಿಗೆ, ಅಂದರೆ ಕಂಬಗಳ ಮೇಲೆ ಹಳಿ ಹೊರುವ ತೊಲೆಗೆ, ಉದ್ದನೆಯ ಬ್ರಿಕ್ಕನ್ನು ಎರಡು ಪದರ ಇಟ್ಟು, ಕೆಳಗಿನ ಸಂದು ಮೇಲಿನ ಬ್ರಿಕ್ಕಿನ ನಡುವಿಗೆ ಬರುವ ಹಾಗೆ ಜೋಡಿಸಿ, ಮೇಲೂ ಕೆಳಗೂ ಒಂದೊಂದು ಪ್ಲೇಟಿನ ಪದರ ಕೊಡಿ. ಕಂಬ ಇರುವ ಜಾಗದಲ್ಲೇ ಎಲ್ಲ ಪದರಕ್ಕೂ ಸಂದು ಬಿದ್ದರೆ ಅಲ್ಲೇ ಮುರಿಯುತ್ತದೆ.

ಇನ್ನು ನೀರು. ದಯವಿಟ್ಟು ನೀಲಿ ಬೇಸ್‌ಪ್ಲೇಟ್ ಹಾಕಿ ಮುಗಿಸಬೇಡಿ. ನೀವು ಹೊಳೆ ದಂಡೆಯವರು, ನಿಮಗೆ ಗೊತ್ತು. ಮಳೆಗಾಲದಲ್ಲಿ ಹೊಳೆ ಕೆಂಪು ಮಣ್ಣಿನ ಬಣ್ಣ, ಬೇಸಿಗೆಯಲ್ಲಿ ಬಂಡೆಗಳ ನಡುವೆ ಅಲ್ಲಲ್ಲಿ ಹಸಿರು ಮಡು. ಕಂದು ಮತ್ತು ಕಡು ಹಸಿರು ಪ್ಲೇಟನ್ನು ಬೆರೆಸಿ ಹಾಸಿ, ಮೇಲೆ ಪಾರದರ್ಶಕ ಟೈಲು, ಅಂದರೆ ಉಬ್ಬಿಲ್ಲದ ನುಣುಪು ಪ್ಲೇಟು, ಕೂರಿಸಿ. ಬೆಳಕು ಬಿದ್ದಾಗ ಕೆಳಗಿನ ಬಣ್ಣ ಅಲುಗಾಡಿದ ಹಾಗೆ ಕಾಣುತ್ತದೆ. ಬಂಡೆಗೆ ಬರೀ ಬೂದು ಬಣ್ಣ ಬೇಡ. ನಮ್ಮ ಕಡೆಯ ಕಲ್ಲಿನಲ್ಲಿ ಸ್ವಲ್ಪ ಕೆಂಪು, ಸ್ವಲ್ಪ ಗೋಧಿ ಬಣ್ಣ ಇರುತ್ತದೆ. ಇಳಿಜಾರು ಬ್ರಿಕ್ಕನ್ನು ಎಲ್ಲ ದಿಕ್ಕಿಗೂ ತಿರುಗಿಸಿ ಇಟ್ಟು, ಒಂದರ ಮೇಲೊಂದು ಬಂಡೆ ಕೂತ ಹಾಗೆ ಮಾಡಿ. ಆಗ ನೋಡಿದವರು ಇದು ಹಂಪಿ ಸೀಮೆ ಅಂತ ಕೇಳದೇ ಹೇಳುತ್ತಾರೆ.

ಪ್ರಶ್ನೆ: ನಮ್ಮೂರ ಹತ್ತಿರ ದಿನಾ ಅದಿರಿನ ಗಾಡಿ ಹೋಗುತ್ತದೆ. ಅದನ್ನೇ ಕಟ್ಟಬೇಕು. ಎಕ್ಸ್‌ಪ್ರೆಸ್ ಗಾಡಿ ಕಟ್ಟಿದರೆ ಚಂದ ಅಂತ ಅಣ್ಣ ಹೇಳುತ್ತಾನೆ. ಯಾವುದು ಸರಿ?
— ಪಿಯುಸಿ ವಿದ್ಯಾರ್ಥಿ, ತೋರಣಗಲ್ಲು

ನೀನೇ ಸರಿ ಮಾರಾಯ. ಅಣ್ಣನಿಗೆ ಈ ಲೆಕ್ಕ ತೋರಿಸು. ನಮ್ಮ ಬ್ರಾಡ್‌ಗೇಜ್ ಹಳಿಯ ಅಂತರ 1,676 ಮಿ.ಮೀ. ಬ್ರಿಕ್ಕಿನ ಹಳಿಯ ಅಂತರ ಸುಮಾರು 38 ಮಿ.ಮೀ. ಅಂದರೆ ನಮ್ಮ ಮಾಡೆಲ್ ನಿಜದ 44ನೇ ಒಂದು ಪಾಲು. ಈಗಿನ ಎಕ್ಸ್‌ಪ್ರೆಸ್ ಗಾಡಿಗಳ ಎಲ್‌ಎಚ್‌ಬಿ ಬೋಗಿ 23 ಮೀಟರಿಗಿಂತ ಉದ್ದ. ಅದೇ ಅಳತೆಗೆ ಕಟ್ಟಿದರೆ 53 ಸೆಂ.ಮೀ, 66 ಸ್ಟಡ್ ದಾಟುತ್ತದೆ. ಮಾಮೂಲಿ ತಿರುವಿನಲ್ಲಿ ಅದರ ಹೊಟ್ಟೆ ಒಳಗೆ, ಮೂತಿ ಹೊರಗೆ ಚಾಚಿಕೊಂಡು ಪಕ್ಕದ ಹಳಿಯ ಗಾಡಿಗೆ ಹೊಡೆಯುತ್ತದೆ. ನೀನು ನೋಡುವ ಅದಿರಿನ ಡಬ್ಬಿ, ಬಾಕ್ಸ್‌ಎನ್ ವ್ಯಾಗನ್ನು, ಸುಮಾರು 10.7 ಮೀಟರ್. ಅದು 30 ಸ್ಟಡ್ಡಿಗೆ ಬರುತ್ತದೆ. 24ಕ್ಕೆ ಗಿಡ್ಡ ಮಾಡಿದರೂ ಮುಖಲಕ್ಷಣ ಕೆಡಲ್ಲ. ಅಗಲ 8 ಸ್ಟಡ್ ಇಟ್ಟುಕೋ. ಬಣ್ಣ ಕೆಂಪು ಮಿಶ್ರಿತ ಕಂದು, ಸುಲಭವಾಗಿ ಸಿಗುತ್ತದೆ. ಒಂದು ಡಬ್ಬಿ ಕಟ್ಟೋದು ಕಲಿತರೆ ಹತ್ತು ಕಟ್ಟಬಹುದು.

ಒಂದು ವಿಷಯ ಗಮನಿಸಿದ್ದೀಯಾ? ಮೇಲ್ಸೇತುವೆಯ ಮೇಲಿಂದ ನೋಡು. ಕಲ್ಲಿದ್ದಲ ಡಬ್ಬಿ ಮೇಲಿನವರೆಗೂ ತುಂಬಿರುತ್ತದೆ, ಅದಿರಿನ ಡಬ್ಬಿ ಅರ್ಧಕ್ಕಿಂತ ಕೆಳಗೇ ಇರುತ್ತದೆ. ಅದಿರು ಅಷ್ಟು ಭಾರ, ಗಾಲಿ ಹೊರುವ ತೂಕದ ಮಿತಿ ಡಬ್ಬಿ ತುಂಬುವ ಮೊದಲೇ ಮುಗಿದುಹೋಗುತ್ತದೆ. ನೀನೂ ಹಾಗೇ ಮಾಡು. ಡಬ್ಬಿಯ ಅರ್ಧಕ್ಕಿಂತ ಕೆಳಗೆ ಒಂದು ಸುಳ್ಳು ತಳ ಕೂರಿಸಿ, ಅದರ ಮೇಲೆ ಕಡುಗೆಂಪು ಮತ್ತು ಕಂದು ಬಣ್ಣದ ಒಂದು ಸ್ಟಡ್ಡಿನ ದುಂಡು ಪ್ಲೇಟನ್ನು ಒಂದೇ ಪದರ ಸುರಿ. ಅಂಟಿಸಬೇಡ, ಸುಮ್ನೆ ಬಿಡು. ಗಾಡಿ ಹೊರಟಾಗ ಕಾಳು ಕಾಳಾಗಿ ಅಲುಗುತ್ತದೆ, ನಿಜವಾದ ಅದಿರಿನ ಹಾಗೇ. ಡಬ್ಬಿಯೂ ಹಗುರ ಉಳಿಯುತ್ತದೆ, ಮೋಟಾರಿಗೆ ಕಷ್ಟ ಇಲ್ಲ.

ಎಂಜಿನ್ನಿಗೆ ಮಾತ್ರ ಸ್ವಲ್ಪ ತಲೆ ಓಡಿಸಬೇಕು. ಗೂಡ್ಸ್ ಎಳೆಯುವ ಡಬ್ಲ್ಯುಎಜಿ-9 ಕರೆಂಟ್ ಎಂಜಿನ್ನಿನ ಕೆಳಗೆ ಎರಡು ಗಾಲಿ ಚೌಕಟ್ಟು, ಒಂದೊಂದಕ್ಕೆ ಮೂರು ಜೊತೆ ಚಕ್ರ. ಬ್ರಿಕ್ಕಿನ ರೈಲು ಮೋಟಾರಿಗೆ ಎರಡೇ ಜೊತೆ. ಮೂರನೇ ಜೊತೆಯನ್ನು ಗಟ್ಟಿಯಾಗಿ ಕೂರಿಸಿದರೆ ತಿರುವಿನಲ್ಲಿ ಹಳಿ ತಪ್ಪುತ್ತದೆ. ಅದನ್ನು ಆಚೀಚೆ ಸರಿಯುವ ಹಾಗೆ ಸಡಿಲ ಬಿಡು, ಅಥವಾ ಅಂಚಿಲ್ಲದ ಚಕ್ರ ಹಾಕಿ ಹಳಿಯ ಮೇಲೆ ತೇಲಿಸು. ಬ್ಯಾಟರಿ ಡಬ್ಬಿಗೆ ಆರು ಚಿಕ್ಕ ಸೆಲ್ ಬೇಕು, ಎಎಎ ಸೈಜಿನವು. ಚಾರ್ಜ್ ಮಾಡುವ ಸೆಲ್ ಹಾಕಿದರೆ ಒಂದೊಂದು 1.2 ವೋಲ್ಟ್, ಆರಕ್ಕೆ 7.2. ಮಾಮೂಲಿ ಸೆಲ್ಲಿಗೆ 9. ವೇಗ ಸ್ವಲ್ಪ ಕಡಿಮೆ ಆಗುತ್ತದೆ, ಆದರೆ ಅದಿರಿನ ಗಾಡಿ ನಿಧಾನ ಹೋದರೇ ಚಂದ, ದುಡ್ಡೂ ಉಳಿಯುತ್ತದೆ. ಬ್ಯಾಟರಿ ಡಬ್ಬಿಯನ್ನು ಮೋಟಾರಿನ ಮೇಲೆ ಭಾರ ಬೀಳುವ ಹಾಗೆ ಇಡು. ಚಕ್ರ ಹಳಿಯನ್ನು ಗಟ್ಟಿ ಹಿಡಿಯುತ್ತದೆ.

ಪ್ರಶ್ನೆ: ಬೇರೆ ಕಂಪನಿಯ ಅಗ್ಗದ ಬ್ರಿಕ್ ಬಳಸಬಹುದಾ? ತಪ್ಪಲ್ಲವೇ?
— ಗಂಗಾವತಿಯಿಂದ

ತಪ್ಪೇನಿಲ್ಲ. ಲೆಗೋ ಬ್ರಿಕ್ಕಿನ ಪೇಟೆಂಟ್ 1958ರದು, ಅದರ ಅವಧಿ ಮುಗಿದು ದಶಕಗಳೇ ಆದವು. ಅದಕ್ಕೆ ಹೊಂದುವ ಬ್ರಿಕ್ಕನ್ನು ಯಾರು ಬೇಕಾದರೂ ಮಾಡಬಹುದು, ಲೆಗೋ ಹೆಸರು ಹಾಕಿ ಮಾರುವ ಹಾಗಿಲ್ಲ ಅಷ್ಟೇ. ಒಳಗೆ ಹುದುಗುವ ತುಂಬು ಬ್ರಿಕ್ಕಿಗೆ, ಬೆಟ್ಟಕ್ಕೆ, ನೆಲಕ್ಕೆ ಅಗ್ಗದ್ದನ್ನು ಧಾರಾಳ ಬಳಸಿ. ಮಾಡ್ಯೂಲಿನ ಅಂಚಿಗೆ, ಹಳಿಗೆ, ಚಕ್ರಕ್ಕೆ ಮಾತ್ರ ಒಳ್ಳೆಯದನ್ನೇ ಹಾಕಿ, ಅಲ್ಲಿ ಅಳತೆ ಚೂರು ತಪ್ಪಿದರೂ ಪೂರ್ತಿ ಸಾಲು ಸೊಟ್ಟ ಆಗುತ್ತದೆ. ಮಕ್ಕಳು ಮುಟ್ಟುವುದಾದರೆ ಐಎಸ್‌ಐ ಗುರುತು ನೋಡಿ ತಗೊಳ್ಳಿ. 2021ರ ಜನವರಿಯಿಂದ ಆಟಿಕೆಗೆ ಅದು ಕಡ್ಡಾಯ.

ಪ್ರಶ್ನೆ: ನಮ್ಮಲ್ಲಿ ಕೆಂಪು ಧೂಳು, ಮೇಲಿಂದ ಬಿಸಿಲು. ಕಟ್ಟಿಟ್ಟದ್ದು ಹಾಳಾಗಲ್ವಾ?
— ಗೃಹಿಣಿ, ಸಂಡೂರು, ಬಳ್ಳಾರಿ ಜಿಲ್ಲೆ

ಬಿಸಿಲು ನೇರ ಬೀಳುವ ಕಿಟಕಿ ಪಕ್ಕ ಮಾತ್ರ ಇಡಬೇಡಿ ಅಮ್ಮ. ಬಿಳಿ ಮತ್ತು ಬೂದು ಬ್ರಿಕ್ಕು ಬಿಸಿಲಿಗೆ ಹಳದಿ ತಿರುಗುತ್ತವೆ, ಮತ್ತೆ ಮೊದಲಿನಂತೆ ಆಗೋದು ಕಷ್ಟ. ಬೇಸಿಗೆಯಲ್ಲಿ ಕಾರಿನಲ್ಲಿಟ್ಟು ಹೋಗಲೂಬೇಡಿ, ಬೇಸ್‌ಪ್ಲೇಟು ಸೊಟ್ಟಗಾಗಬಹುದು. ಧೂಳಿಗೆ ಪೇಂಟಿಂಗ್ ಬ್ರಷ್ ಒಳ್ಳೆಯದು, ಒಣಗಿದ್ದನ್ನೇ ಬಳಸಿ, ಒದ್ದೆ ಬಟ್ಟೆ ಮುಟ್ಟಿಸಿದರೆ ಧೂಳು ಕೆಸರಾಗಿ ಸಂದಿಗೆ ಇಳಿಯುತ್ತದೆ. ಬಳಸದ ದಿನ ಹಳೇ ಕಾಟನ್ ಸೀರೆ ಹೊದಿಸಿ. ತೊಳೆಯುವುದಾದರೆ ನೀರು 40 ಡಿಗ್ರಿ ದಾಟಬಾರದು. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಟ್ಯಾಂಕಿನ ನೀರು ಮಧ್ಯಾಹ್ನ ಅದಕ್ಕಿಂತ ಬಿಸಿ ಬರಬಹುದು, ಹಾಗಾಗಿ ಬೆಳಿಗ್ಗೆಯೇ ತೊಳೆದು ನೆರಳಲ್ಲಿ ಹರವಿ. ಮೋಟಾರು, ಬ್ಯಾಟರಿ ಡಬ್ಬಿಗೆ ನೀರು ತಾಗಿಸಬೇಡಿ. ಗಾಡಿ ಎಳೆಯೋದು ಕಡಿಮೆ ಆಯಿತು ಅನಿಸಿದರೆ ಮೊದಲು ಚಕ್ರದ ಅಚ್ಚು ನೋಡಿ, ಕೂದಲು, ದಾರ ಸುತ್ತಿಕೊಂಡಿರುತ್ತದೆ. ಚಿಮುಟದಲ್ಲಿ ಎಳೆದು ತೆಗೆದರೆ ಸರಿಹೋಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಗಾರ್ಡ್. ಗುಂತಕಲ್‌ನಿಂದ ಹುಬ್ಬಳ್ಳಿವರೆಗೆ ಈ ಮಾರ್ಗದಲ್ಲೇ ಕೆಲಸ ಮಾಡಿದೆ, ಮೀಟರ್‌ಗೇಜ್ ಕಾಲವನ್ನೂ ಕಂಡವನು. ಮೊಮ್ಮಗಳು ಬ್ರಿಕ್ ರೈಲು ಕಟ್ಟುತ್ತಿದ್ದಾಳೆ. ಬೆರಳು ಮೊದಲಿನ ಹಾಗೆ ಆಡಲ್ಲ. ನಾನು ಏನು ಮಾಡಬಹುದು?
— ಹಿರಿಯ ಓದುಗರು, ಬಳ್ಳಾರಿ

ಹಿರಿಯರೇ, ಗಾಡಿ ಓಡಿಸುವ ಕೆಲಸ ನಿಮ್ಮದೇ. ಹೊಸದಾಗಿ ಕಟ್ಟುವವರೆಲ್ಲ ಗಾಡಿಯನ್ನು ಸುಮ್ಮನೆ ಸುತ್ತು ಹೊಡೆಸುತ್ತಾರೆ, ಅರ್ಧ ಗಂಟೆಗೆ ಬೇಜಾರಾಗುತ್ತದೆ. ನೀವು ಮೊಮ್ಮಗಳಿಗೆ ಕ್ರಾಸಿಂಗ್ ಕಲಿಸಿ. ಒಂಟಿ ಹಳಿಯಲ್ಲಿ ಎದುರು ಬರುವ ಗಾಡಿಗೆ ಯಾರು ಪಕ್ಕದ ಹಳಿಯಲ್ಲಿ, ಅಂದರೆ ಲೂಪ್ ಲೈನಿನಲ್ಲಿ ನಿಲ್ಲಬೇಕು, ಸ್ಟೇಷನ್ ಮಾಸ್ತರರು ಯಾವಾಗ ಲೈನ್ ಕ್ಲಿಯರ್ ಕೊಡುತ್ತಾರೆ, ಶಂಟಿಂಗ್‌ನಲ್ಲಿ ಖಾಲಿ ಡಬ್ಬಿ ಎಲ್ಲಿಗೆ ಹೋಗಬೇಕು. ಎರಡು ಪಾಯಿಂಟು, ಒಂದು ಲೂಪು, ಎರಡು ಗಾಡಿ ಇದ್ದರೆ ಸಾಕು. ಒಂದು ಚೀಟಿಯಲ್ಲಿ ಟೈಮ್‌ಟೇಬಲ್ ಬರೆದುಕೊಡಿ, ಹಸಿರು ಕೆಂಪು ಬಾವುಟ ನಿಮ್ಮ ಕೈಯಲ್ಲಿರಲಿ. ಈಗಿನ ಗಾಡಿಗೆ ಕರೆಂಟು ಹಳಿಯಿಂದ ಬರಲ್ಲ, ಬ್ಯಾಟರಿ ಗಾಡಿಯಲ್ಲೇ ಇರುತ್ತದೆ, ಆದ್ದರಿಂದ ಒಂದೇ ಹಳಿಯ ಮೇಲೆ ಎರಡು ಗಾಡಿಯನ್ನು ಬೇರೆ ಬೇರೆ ರಿಮೋಟಿನಲ್ಲಿ ನಡೆಸಬಹುದು. ನಿಮ್ಮದೊಂದು, ಅವಳದೊಂದು.

ಇನ್ನೊಂದು ಕೇಳಿಕೆ. ಮೀಟರ್‌ಗೇಜ್ ಕಾಲದ ಬಳ್ಳಾರಿ ಯಾರ್ಡ್ ಹೇಗಿತ್ತು, ಯಾವ ಲೈನು ಎಲ್ಲಿ ಕವಲೊಡೆಯುತ್ತಿತ್ತು, ನೀರಿನ ಕಂಬ ಎಲ್ಲಿತ್ತು ಅಂತ ನಿಮ್ಮ ನೆನಪಿನಿಂದ ಒಂದು ನಕ್ಷೆ ಬರೆದು ಕಳಿಸಿಕೊಡಿ. ಗೆರೆ ಸೊಟ್ಟ ಇದ್ದರೂ ಪರವಾಗಿಲ್ಲ, ಸ್ಟಡ್ ಲೆಕ್ಕಕ್ಕೆ ಇಳಿಸುವ ಕೆಲಸ ನಾನು ಮಾಡುತ್ತೇನೆ, ಮುಂದಿನ ಸಂಚಿಕೆಯಲ್ಲಿ ನಿಮ್ಮ ನಕ್ಷೆ, ನನ್ನ ಅಳತೆ ಎರಡನ್ನೂ ಅಕ್ಕಪಕ್ಕ ಹಾಕೋಣ.